ಕೆರೆಗಳ ಚರಿತ್ರೆಯಲ್ಲಿ ಮೂವತ್ತು ವರ್ಷಗಳ ಒಂದು ಷರತ್ತು

ಸಂಪಾದಕರಿಗೆ,

ಮಾನ್ಯರೇ,

ಬಯಲುಸೀಮೆಯ ಕೆರೆಗಳ ದುರಸ್ತಿಯ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನವನ್ನೂ, ಅದಕ್ಕೆ ಪ್ರತಿಯಾಗಿ ಓದುಗರೊಬ್ಬರು ಬರೆದ ಪತ್ರವನ್ನೂ ಓದಿದೆ. ಬ್ರಿಟಿಷ್ ಇಂಜಿನಿಯರರ ಶಿಸ್ತಿನಲ್ಲಿ ಸುಸ್ಥಿತಿಯಲ್ಲಿದ್ದ ಕೆರೆಗಳು ಆಮೇಲೆ ನಮ್ಮವರ ಅಸಡ್ಡೆಯಿಂದ ಕೆಟ್ಟವೆಂದು ಲೇಖಕರು ಹೇಳಿದರೆ, ಊರೊಟ್ಟಿನಿಂದ ನಡೆದು ಬಂದಿದ್ದ ಕೆರೆಗಳನ್ನು ಬ್ರಿಟಿಷರೇ ಬಂದು ಹಾಳುಗೆಡವಿದರೆಂದು ಪತ್ರ ಬರೆದವರು ವಾದಿಸಿದ್ದಾರೆ. ಸೇವಾವಧಿಯ ಬಹುಪಾಲನ್ನು ಕೋಲಾರ ಜಿಲ್ಲೆಯ ಕಂದಾಯ ಇಲಾಖೆಯಲ್ಲಿ ಕಳೆದು, ಖೇತವಾರು ಪತ್ರಿಕೆಗಳನ್ನೂ ಗ್ರಾಮ ನಕಾಶೆಗಳನ್ನೂ ತಿರುವಿ ಹಾಕುತ್ತಲೇ ಮುದುಕನಾದ ನನಗೆ ಈ ಎರಡು ಮಾತುಗಳಲ್ಲಿ ಯಾವುದನ್ನೂ ಹಾಗೆಯೇ ಒಪ್ಪಲಾಗುತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಇಬ್ಬರೂ ಪ್ರಸ್ತಾಪಿಸದೆ ಬಿಟ್ಟ ಒಂದು ಸಂಗತಿ, ಮೈಸೂರಿಗೂ ಮದ್ರಾಸಿಗೂ 1892ರಲ್ಲಾದ ಒಪ್ಪಂದದ ಮೂವತ್ತು ವರ್ಷಗಳ ಷರತ್ತು, ಇಂದಿನ ಕೆರೆಗಳ ಪಾಲಿಗೆ ಬಹಳ ಮುಖ್ಯವೆಂದು ತೋರುವುದರಿಂದ, ತುಸು ದೀರ್ಘವಾದರೂ ಸರಿ, ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಲೇಖಕರ ಮಾತು. ಬೆಂಗಳೂರಿನ ಸ್ಯಾಂಕಿ ಕೆರೆಯ ದಂಡೆಯ ಮೇಲೆ ಬೆಳಗಿನ ಹೊತ್ತು ಅಡ್ಡಾಡುವವರು ಸಾವಿರಾರು ಮಂದಿ. ಆ ಸ್ಯಾಂಕಿ ಯಾರೆಂದು ಕೇಳಿದರೆ ಹೇಳಬಲ್ಲವರು ಕಡಿಮೆ. ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದಾಗ ಇಲ್ಲಿ ಮುಖ್ಯ ಇಂಜಿನಿಯರಾಗಿದ್ದ ಆತ 1866ರಲ್ಲಿ ಒಂದು ವರದಿ ಬರೆದ. ಸಂಸ್ಥಾನದ 27,269 ಚದರ ಮೈಲಿಗಳಲ್ಲಿ ಸುಮಾರು ಶೇ 60ರಷ್ಟು ನೆಲವನ್ನು ಇಲ್ಲಿನ ಜನರು ತಮ್ಮ ತಾಳ್ಮೆಯ ದುಡಿಮೆಯಿಂದ ಕೆರೆಗಳ ವ್ಯವಸ್ಥೆಯೊಳಗೆ ತಂದಿದ್ದಾರೆ; ಹೊಸ ಕೆರೆ ಕಟ್ಟಲು ತಕ್ಕ ಜಾಗ ಹುಡುಕುವುದಕ್ಕೇ ಈಗ ಜಾಣತನ ಬೇಕು; ಎಲ್ಲಾದರೂ ಹೊಸದೊಂದನ್ನು ಕಟ್ಟಿದರೆ ಅದೇ ಹಳ್ಳದ ಕೆಳಗಿನ ಮತ್ತೊಂದು ಕೆರೆಯ ನೀರು ತಪ್ಪುತ್ತದೆ ಎಂಬುದು ಅದರ ತಾತ್ಪರ್ಯ. ಕೋಲಾರ, ತುಮಕೂರು ಸೀಮೆಯ ಕೆರೆಜಾಲ ಬ್ರಿಟಿಷರು ಬರುವ ಮುನ್ನವೇ ಪೂರ್ಣಗೊಂಡ ಕೆಲಸವಾಗಿತ್ತೆಂಬುದಕ್ಕೆ ಅವರದೇ ಮುಖ್ಯ ಇಂಜಿನಿಯರನ ಸಾಕ್ಷ್ಯಕ್ಕಿಂತ ಬೇರೆ ಬೇಕಿಲ್ಲ. ಆ ಶತಮಾನದ ಗ್ಯಾಸೆಟಿಯರ್ ಎಣಿಸಿದ ಸುಮಾರು 38,000 ಕೆರೆಗಳಲ್ಲಿ ಬ್ರಿಟಿಷ್ ಅಧಿಕಾರಿಗಳು ಹೊಸದಾಗಿ ಕಟ್ಟಿಸಿದವು ತೀರ ಕೆಲವು.

ಹಾಗೆಂದು ಪತ್ರ ಬರೆದವರು ಬಣ್ಣಿಸಿದ ರಾಮರಾಜ್ಯವೂ ಇರಲಿಲ್ಲ. ಶಾಸನಗಳಲ್ಲಿ ಕಟ್ಟುಕೊಡಗೆ, ಬಿತ್ತುವಟ್ಟ, ದಶವಂದ ಎಂಬ ಮಾತುಗಳು ಪದೇ ಪದೇ ಬರುತ್ತವೆ. ಕೆರೆ ಕಟ್ಟಿಸಿದವನಿಗೆ ಅಥವಾ ಅದನ್ನು ನೋಡಿಕೊಳ್ಳುವವನಿಗೆ ಕೆರೆಯ ಕೆಳಗೇ ಗದ್ದೆ ಬಿಟ್ಟುಕೊಡುವ, ಹೂಳು ಹೊರುವ ಬಂಡಿಗೆಂದು ದತ್ತಿ ಹಾಕುವ ಏರ್ಪಾಡುಗಳಿವು. ಕೆರೆಯಲ್ಲಿ ನೀರಿದ್ದರೆ ಆ ಗದ್ದೆಯಲ್ಲಿ ಬೆಳೆ, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಕೊಡಗಿ, ಅಂದರೆ ಹೀಗೆ ಬಿಟ್ಟುಕೊಟ್ಟ ಗದ್ದೆ, ಅನುಭವಿಸುವವನಿಗೆ ಏರಿಯ ಚಿಂತೆ ಹೊಟ್ಟೆಯ ಚಿಂತೆಯೇ ಆಗಿತ್ತು. ಏರಿಗೆ ಮಣ್ಣು ಹಾಕುವ ಕೆಲಸದಲ್ಲಿ ಬಿಟ್ಟಿ ದುಡಿಮೆಯೂ ಸೇರಿತ್ತು, ನೀರಿನ ಪಾಳಿಯಲ್ಲಿ ಜಾತಿಯೂ ಅಂತಸ್ತೂ ಇಣುಕುತ್ತಿದ್ದವು. ತೂಬಿನ ಹತ್ತಿರದ ಗದ್ದೆ ಯಾರದು, ಕೊನೆಯ ಮಡೆಯ ಗದ್ದೆ ಯಾರದು ಎಂದು ನೋಡಿದರೆ ಊರಿನ ಮೇಲುಕೀಳೆಲ್ಲ ಅಲ್ಲೇ ಕಾಣುತ್ತದೆ.

ನಮ್ಮೂರಿನ ಕೊನೆಯ ನೀರಗಂಟಿಯನ್ನು ನಾನು ಹುಡುಗನಾಗಿದ್ದಾಗ ಕಂಡಿದ್ದೇನೆ. ಕೆರೆಯಲ್ಲಿ ಎದೆಮಟ್ಟದ ನೀರಿರುವಾಗ ಅಜ್ಜ ಸೊಂಟಕ್ಕೆ ಟವೆಲು ಬಿಗಿದು ತೂಬಿನ ಕಲ್ಲುಕಂಬಗಳ ನಡುವೆ ಇಳಿದು, ಮರದ ಕೊರಡಿನ ಬಿರಡೆಯನ್ನು ಎಷ್ಟು ಬೇಕೋ ಅಷ್ಟೇ ಸಡಿಲಿಸಿ ಮೇಲೆ ಬರುತ್ತಿದ್ದರು. ಆಮೇಲೆ ಸನಿಕೆ ಹಿಡಿದು ಕಾಲುವೆಯ ಉದ್ದಕ್ಕೂ ನಡೆದು, ಒಂದು ಮಡೆ ಮುಚ್ಚಿ ಇನ್ನೊಂದನ್ನು ತಿರುವುವರು. ಯಾವ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವರಿಗೆ ಬಾಯಿಪಾಠ. ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನ ಯಾವ ಭಾಗಕ್ಕೆ ಮಾತ್ರ ಬಿತ್ತನೆ ಎಂದು ಊರಿನ ಹಿರಿಯರು ಅವರನ್ನು ಕೂರಿಸಿಕೊಂಡೇ ತೀರ್ಮಾನಿಸುತ್ತಿದ್ದರು. ಕೂರಿಸುತ್ತಿದ್ದದ್ದು ಜಗಲಿಯ ಕೆಳಗೆ ಎಂಬುದನ್ನೂ ಹೇಳಬೇಕು. ಸುಗ್ಗಿಯಲ್ಲಿ ಕಣದಲ್ಲೇ ಅವರ ಆಯದ ಭತ್ತ ಅಳೆದು ಕೊಡುತ್ತಿದ್ದರು. ನೀರು ತಪ್ಪಿಸಿದ ನೀರಗಂಟಿಗೆ ಕಣದಲ್ಲಿ ಭತ್ತ ತಪ್ಪುತ್ತಿತ್ತು. ಇದು ಬರೀ ದಯೆಯ ಸಂಬಂಧವಲ್ಲ, ಲೆಕ್ಕದ ಸಂಬಂಧ. ವಸಾಹತು ಆಡಳಿತ ಮುಟ್ಟಿದ್ದು ಈ ಲೆಕ್ಕವನ್ನು.

1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ನೇರವಾಗಿ ತಮ್ಮ ಕೈಗೆ ತೆಗೆದುಕೊಂಡರು. ಅದು ಅರಸರಿಗೆ ಮರಳಿದ್ದು 1881ರಲ್ಲಿ, ಸರಿಯಾಗಿ ಐವತ್ತು ವರ್ಷಗಳ ಬಳಿಕ. ಕಬ್ಬನ್ ಕಮಿಷನರಾಗಿದ್ದ ಕಾಲದಲ್ಲಿ ತರಿ ಜಮೀನಿನ ಬೆಳೆಯಲ್ಲೇ ಸರ್ಕಾರ ಪಾಲು ಪಡೆಯುವ ಬಟಾಯಿ ಪದ್ಧತಿ ಹಿಂದೆ ಸರಿದು ನಗದು ಕಂದಾಯ ಮುಂದೆ ಬಂತು. ಬಟಾಯಿಯಲ್ಲಿ ಅಮಲ್ದಾರನ ಆಳುಗಳ ಕಾಟ ಹೇಳತೀರದಷ್ಟಿತ್ತು, ಅಳತೆಯಾಗುವವರೆಗೆ ರಾಶಿ ಮುಟ್ಟುವಂತಿರಲಿಲ್ಲ, ಆದ್ದರಿಂದ ಅದು ಹೋದದ್ದಕ್ಕೆ ರೈತರು ಅತ್ತಿರಲಾರರು. ಆದರೆ ಬೆಳೆಯಲ್ಲಿ ಪಾಲು ತೆಗೆದುಕೊಳ್ಳುವ ಸರ್ಕಾರಕ್ಕೆ ಕೆರೆ ಬತ್ತಿದರೆ ತನ್ನ ಪಾಲೂ ಬತ್ತುತ್ತಿತ್ತು. ನಗದು ಕಂದಾಯ ಗೊತ್ತಾದ ಮೇಲೆ ಕೆರೆಯ ಸ್ಥಿತಿಗೂ ಖಜಾನೆಗೂ ಇದ್ದ ಆ ನೇರ ಬೆಸುಗೆ ಸಡಿಲವಾಯಿತು. ನೀರು ಬಾರದ ವರ್ಷ ರೈತ ಅರ್ಜಿ ಹಿಡಿದು ಮಾಫಿ ಬೇಡಬೇಕಾಯಿತು. 1860ರ ದಶಕದಲ್ಲಿ ಸರ್ವೆ ಸೆಟ್ಲ್‌ಮೆಂಟೂ ಇನಾಂ ತನಿಖೆಯೂ ಒಟ್ಟೊಟ್ಟಿಗೆ ಬಂದವು. ತಲೆಮಾರುಗಳಿಂದ ಬಂದಿದ್ದ ಇನಾಮುಗಳ ಹಕ್ಕುಪತ್ರಗಳನ್ನು ತನಿಖೆ ಮಾಡಿ, ಜೋಡಿ ಎಂಬ ಕಡಿಮೆ ದರದ ಕಂದಾಯ ಕಟ್ಟಿ, ಅನುಭವದಲ್ಲಿದ್ದವನಿಗೆ ಖಾಯಂ ಮಾಡುವ ಕ್ರಮ ಅದು. ಕಾಗದದ ಮೇಲೆ ಅಚ್ಚುಕಟ್ಟಾದ ಕೆಲಸವೇ. ಆದರೆ ಇಂಥ ಲೆಕ್ಕದಲ್ಲಿ ಗದ್ದೆ ಒಂದು ಕಲಮಿಗೆ, ಆ ಗದ್ದೆ ಹೊತ್ತಿದ್ದ ಕೆರೆಯ ಋಣ ಇನ್ನೊಂದು ಕಲಮಿಗೆ ಹೋಗುತ್ತದೆ. ಎರಡನೆಯದನ್ನು ವಸೂಲು ಮಾಡುವವರು ಯಾರೂ ಇರುವುದಿಲ್ಲ.

ಇಂಜಿನಿಯರರು ಬಂದದ್ದು ತೀರ ತಡವಾಗಿ. ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ಸ್ಥಾಪನೆಯಾದದ್ದು 1856ರಲ್ಲಿ. ಆರಂಭದಲ್ಲಿ ಅದರ ಗಮನ ಹೆಚ್ಚಾಗಿ ರಸ್ತೆಗಳ ಮೇಲಿತ್ತು. ಕೆರೆಗಳನ್ನು ಹಳ್ಳವಾರು ಸರಣಿಯಾಗಿ ದುರಸ್ತಿಗೆ ತೆಗೆದುಕೊಂಡಾಗ ಇಲಾಖೆ ಕೆಲಸವನ್ನು ಎರಡಾಗಿ ಸೀಳಿತು. ತೂಬು, ಕೋಡಿ ಮುಂತಾದ ಕಲ್ಲುಗಾರೆಯ ಕೆಲಸ ಸರ್ಕಾರದ್ದು. ಏರಿಗೆ ಮಣ್ಣು ಹೇರುವುದು, ಗಿಡಗಂಟಿ ಕಡಿಯುವುದು, ಕಾಲುವೆ ಬಗೆಯುವುದು ರೈತರದ್ದು. ಪಕ್ಕದ ಮದ್ರಾಸು ಪ್ರಾಂತದಲ್ಲಂತೂ, ನಮ್ಮ ಬಳ್ಳಾರಿಯೂ ಕೊಳ್ಳೇಗಾಲವೂ ಆಗ ಅದರಲ್ಲೇ ಇದ್ದವು, ಈ ವಾಡಿಕೆಯ ದುಡಿಮೆಗೆ ಬಾರದ ರೈತನಿಗೆ ದಂಡ ವಿಧಿಸುವ ಕಾಯಿದೆಯನ್ನೇ 1858ರಲ್ಲಿ ಮಾಡಿದರು. ಹಳೆಯ ವಾಡಿಕೆಯಲ್ಲಿ ದುಡಿಮೆಯ ಜೊತೆಗೆ ಕೊಡಗಿಯಿತ್ತು, ಪಾಲಿತ್ತು, ನೀರು ಯಾರಿಗೆ ಎಷ್ಟು ಎನ್ನುವ ಮಾತಿನಲ್ಲಿ ಊರಿನ ದನಿಯಿತ್ತು. ಅವೆಲ್ಲವನ್ನೂ ಕತ್ತರಿಸಿ, ದುಡಿಮೆಯನ್ನು ಮಾತ್ರ 'ವಾಡಿಕೆ' ಎಂದು ಉಳಿಸಿಕೊಂಡರು. ಊರಿನವರು ಏರಿಯ ಕಡೆ ತಲೆ ಹಾಕುವುದನ್ನು ಬಿಟ್ಟದ್ದು ಸೋಮಾರಿತನದಿಂದ ಎಂದು ಅಂದಿನ ವರದಿಗಳು ದೂರುತ್ತವೆ. ತಮ್ಮ ಲೇಖಕರೂ ಅದನ್ನೇ ಹೇಳಿದ್ದಾರೆ.

1875ರಿಂದ ಮಳೆ ಕೈಕೊಟ್ಟಿತು. 1876ರಿಂದ 78ರ ಧಾತು ಬರದ ಬಗ್ಗೆ ಇಲ್ಲಿ ವಿಸ್ತರಿಸುವುದಿಲ್ಲ, ಎರಡು ಅಂಕಿಗಳು ಸಾಕು: 1871ರ ಖಾನೇಷುಮಾರಿಯಲ್ಲಿ ಮೈಸೂರಿನ ಜನಸಂಖ್ಯೆ 50,55,412, 1881ರಲ್ಲಿ 41,86,188. ಮಳೆಯೇ ಇಲ್ಲದಾಗ ಸುಸ್ಥಿತಿಯ ಕೆರೆಯೂ ಒಣಗುತ್ತದೆ, ಆದ್ದರಿಂದ ಸಾವುಗಳನ್ನೆಲ್ಲ ಕೆರೆಗಳ ದುಃಸ್ಥಿತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಬರದ ನಂತರ ಉಳಿದ ಜನ ಎಷ್ಟು, ಏರಿಗೆ ಮಣ್ಣು ಹೊರಬಲ್ಲ ತೋಳುಗಳೆಷ್ಟು ಎಂದು ಯೋಚಿಸಿದರೆ, ಆ ಹತ್ತು ವರ್ಷಗಳಲ್ಲಿ ಒಡೆದ ಕೆರೆಗಳು ಒಡೆದ ಹಾಗೆಯೇ ಏಕೆ ಉಳಿದವೆಂಬುದು ತಾನಾಗಿ ತಿಳಿಯುತ್ತದೆ. ಸಂಸ್ಥಾನವನ್ನು ಸಾಲದ ಹೊರೆಯೊಂದಿಗೆ ಅರಸರಿಗೆ ಒಪ್ಪಿಸುವಾಗ, ವರ್ಷಕ್ಕೆ 24.5 ಲಕ್ಷ ರೂಪಾಯಿಯಿದ್ದ ಕಪ್ಪವನ್ನು 35 ಲಕ್ಷಕ್ಕೆ ಏರಿಸುವ ಕರಾರನ್ನೂ ಬ್ರಿಟಿಷರು ಸೇರಿಸಿದ್ದರು. ಬರದ ಕಾರಣಕ್ಕೆ ಆ ಏರಿಕೆ ಮುಂದೆ ಹೋಯಿತೆಂಬುದಷ್ಟೇ ಸಮಾಧಾನ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೈಸೂರಿನ ಕೆರೆಗಳು ಹೀಗೆ ಸೊರಗುತ್ತಿದ್ದ ಅದೇ ಅವಧಿಯಲ್ಲಿ ಮದ್ರಾಸು ಸರ್ಕಾರ ನದಿಮುಖಜ ಭೂಮಿಗಳಲ್ಲಿ ಹಣ ಹೂಡುತ್ತಿತ್ತು. ಆರ್ಥರ್ ಕಾಟನ್ 1836ರಲ್ಲಿ ಕಾವೇರಿಯ ಕವಲಾದ ಕೊಳ್ಳಿಡಂಗೂ, 1847ರಿಂದ 1852ರವರೆಗೆ ಗೋದಾವರಿಗೂ ಅಣೆಕಟ್ಟುಗಳನ್ನು ಕಟ್ಟಿಸಿದ. ಪಾಲಾರ್ ನದಿಗೆ 1858ರಲ್ಲಿ ಆರ್ಕಾಟ್ ಸೀಮೆಯಲ್ಲಿ ಅಣೆಕಟ್ಟಾಯಿತು. ಇವುಗಳಿಂದ ಕಂದಾಯ ಚೆನ್ನಾಗಿ ಬರತೊಡಗಿತು. ಎಲ್ಲ ಹೂಡಿಕೆಯೂ ಹಾಗೆ ಫಲಿಸಲಿಲ್ಲವೆನ್ನಿ: ತುಂಗಭದ್ರೆಯಿಂದ ಕರ್ನೂಲು, ಕಡಪಗಳಿಗೆ ಕಾಲುವೆ ತೋಡಿದ ಖಾಸಗಿ ಕಂಪನಿಯ ನೀರನ್ನು ಒಳ್ಳೆಯ ಮಳೆಯ ವರ್ಷಗಳಲ್ಲಿ ಎರೆಭೂಮಿಯ ರೈತರು ಮುಟ್ಟಲಿಲ್ಲ, ಕೊನೆಗೆ 1882ರಲ್ಲಿ ಸರ್ಕಾರವೇ ಅದನ್ನು ಕೊಂಡುಕೊಳ್ಳಬೇಕಾಯಿತು. ಅದೇನೇ ಇರಲಿ, ಕೆಳಗೆ ನೀರಿಗೆ ಬೆಲೆ ಬಂದ ಮೇಲೆ ಮೇಲಿನ ಪ್ರತಿಯೊಂದು ಏರಿಯೂ ಮದ್ರಾಸಿನವರ ಕಣ್ಣಿಗೆ ಕಳ್ಳಗಂಡಿಯಾಗಿ ಕಾಣತೊಡಗಿತು. ಅಧಿಕಾರ ಮರಳಿ ಬಂದ ನಂತರ ಮೈಸೂರು ತನ್ನ ಕೆರೆಗಳನ್ನು ಸರಿಪಡಿಸಲು ಹೊರಟಾಗ ತಕರಾರು ಬಂತು. ಅದರ ಫಲವೇ 1892ರ ಫೆಬ್ರವರಿ 18ರ ಒಪ್ಪಂದ.

ಆ ಒಪ್ಪಂದವೆಂದರೆ ನಮಗೆ ನೆನಪಾಗುವುದು ಕಾವೇರಿ ಒಂದೇ. ಅದಕ್ಕೆ ಲಗತ್ತಾದ ಪಟ್ಟಿಯಲ್ಲಿ ಹದಿನೈದು ನದಿಗಳಿವೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿಗಳೂ, ಅಂದರೆ ಹಳೆಯ ಕೋಲಾರ ಜಿಲ್ಲೆಯ ನೀರಿನ ದಾರಿಗಳೆಲ್ಲವೂ, ಅದರಲ್ಲಿವೆ. ಈ ನದಿಗಳಿಗೆ ಅಡ್ಡಲಾಗಿ, ಮತ್ತು ಎರಡನೆಯ ಪಟ್ಟಿಯಲ್ಲಿ ಹೆಸರಿಸಿದ ಹಳ್ಳಗಳ ಗೊತ್ತಾದ ಭಾಗಗಳಲ್ಲಿ, ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು 'ಹೊಸ ಕೆರೆ' ಕಟ್ಟುವಂತಿರಲಿಲ್ಲ. ಹೊಸ ಕೆರೆ ಎಂದರೇನು ಎಂಬ ವ್ಯಾಖ್ಯಾನವನ್ನು ಗಮನವಿಟ್ಟು ಓದಬೇಕು. ಹಿಂದೆಂದೂ ಇಲ್ಲದ ಕೆರೆ ಹೊಸದು, ಸರಿಯೇ. ಅದರ ಜೊತೆಗೆ, ಒಂದು ಕಾಲಕ್ಕೆ ಇದ್ದು, ಪಾಳುಬಿದ್ದು, ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಬಳಕೆ ತಪ್ಪಿದ ಕೆರೆಯೂ ಹೊಸದೇ!

1892ರಲ್ಲಿ ಮೂವತ್ತನ್ನು ಕಳೆಯಿರಿ: 1862. ಅದಕ್ಕೆ ಮುಂಚೆ ಒಡೆದುಹೋಗಿ ದುರಸ್ತಿಯಾಗದ ಕೆರೆಗಳು ಯಾರ ಆಡಳಿತದಲ್ಲಿ ಹಾಗೆ ಬಿದ್ದಿದ್ದವು? 1831ರಿಂದ ಇಲ್ಲಿ ಆಳುತ್ತಿದ್ದವರು ಬ್ರಿಟಿಷ್ ಕಮಿಷನರರು. ಒಂದು ಬ್ರಿಟಿಷ್ ಆಡಳಿತ ತನ್ನ ಕಾಲದಲ್ಲಿ ಕಟ್ಟದೆ ಬಿಟ್ಟ ಏರಿ, ಇನ್ನೊಂದು ಬ್ರಿಟಿಷ್ ಪ್ರಾಂತದ ಪಾಲಿಗೆ ಹಕ್ಕಾಗಿ ಮಾರ್ಪಟ್ಟಿತು. ಟಿಪ್ಪುವಿನ ಮೇಲಿನ ಯುದ್ಧಗಳಲ್ಲಿ ದಂಡು ಹಾಯ್ದು ಹಾಳಾದ ಊರುಗಳ ಕೆರೆಗಳಿಗೂ ಇದೇ ಗತಿ. ಮದ್ರಾಸು ಸರ್ಕಾರ ಸುಮ್ಮನೆ ಒಪ್ಪಿಗೆ ನಿರಾಕರಿಸುವಂತಿರಲಿಲ್ಲ, ಈಗಾಗಲೇ ಪ್ರಾಪ್ತವಾಗಿ ಚಾಲ್ತಿಯಲ್ಲಿರುವ ಅನುಭೋಗದ ಹಕ್ಕಿನ ರಕ್ಷಣೆಗೆ ಮಾತ್ರ ಹಾಗೆ ಮಾಡಬಹುದಿತ್ತು, ಜಗಳವಾದರೆ ಮಧ್ಯಸ್ಥರ ತೀರ್ಮಾನಕ್ಕೆ ಹೋಗಲು ಅವಕಾಶವಿತ್ತು ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಮೇಲಿನ ಕೆರೆ ಒಡೆದು ಮೂವತ್ತು ವರ್ಷ ನೀರು ಕೆಳಕ್ಕೆ ಹರಿದರೆ, ಕೆಳಗಿನವನಿಗೆ ಅನುಭೋಗದ ಹಕ್ಕು ಹುಟ್ಟುವುದು ಅಲ್ಲಿಯೇ ಅಲ್ಲವೇ? ನಾಲ್ಕೂರಿನ ಗದ್ದೆಗೆ ನೀರುಣಿಸುತ್ತಿದ್ದ ಹಳೆಯ ಕೆರೆಯ ಒಡಕು ಮುಚ್ಚಲು ನಕ್ಷೆ, ಅಂದಾಜು, ನೀರಿನ ಲೆಕ್ಕಗಳನ್ನೆಲ್ಲ ಬರೆದು ಇನ್ನೊಂದು ಸರ್ಕಾರದ ಮುಂದೆ ನಿಲ್ಲಬೇಕೆಂದರೆ, ಯಾವ ಅಮಲ್ದಾರ ಆ ತಾಪತ್ರಯಕ್ಕೆ ಕೈ ಹಾಕಿಯಾನು?

ಕಾವೇರಿಯ ಕಥೆ ಎಲ್ಲರಿಗೂ ತಿಳಿದದ್ದೇ. ಕನ್ನಂಬಾಡಿಗೆ ಮದ್ರಾಸಿನ ಆಕ್ಷೇಪ, 1914ರಲ್ಲಿ ಮೈಸೂರಿನ ಕಡೆಗೆ ವಾಲಿದ ಮಧ್ಯಸ್ಥ ಗ್ರಿಫಿನ್‌ನ ತೀರ್ಪು, ಅದನ್ನು ಲಂಡನ್ನಿನಲ್ಲಿ ತಳ್ಳಿಹಾಕಿದ್ದು, ಕೊನೆಗೆ 1924ರ ಒಪ್ಪಂದ. ಅದಕ್ಕೂ ರುಜು ಬಿದ್ದದ್ದು ಅದೇ ಫೆಬ್ರವರಿ 18ರಂದು ಎಂಬುದು ಕಾಕತಾಳೀಯವಿರಬಹುದು. ಕೃಷ್ಣರಾಜಸಾಗರಕ್ಕೆ ವಿಶ್ವೇಶ್ವರಯ್ಯನವರಂಥ ವಕೀಲರಿದ್ದರು, ಪತ್ರಿಕೆಗಳಿದ್ದವು. ಪಾಪಾಗ್ನಿಯ ಕಣಿವೆಯ ಸಣ್ಣ ಕೆರೆಯ ಪರವಾಗಿ ಯಾರೂ ಲಂಡನ್ನಿಗೆ ಅರ್ಜಿ ಬರೆಯಲಿಲ್ಲ. ನಮ್ಮ ದಿವಾನರ ಸರ್ಕಾರದ ಒಲವೂ ದೊಡ್ಡ ಕಟ್ಟೆಗಳ ಕಡೆಗೇ ಇತ್ತು. 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟು ಹೆಮ್ಮೆಯ ಕೆಲಸ, ನಿಜ. 1911ರಲ್ಲಿ ಕೆರೆ ಪಂಚಾಯ್ತಿಗಳ ಕಾನೂನನ್ನು ತಂದು, ಕೈಬಿಟ್ಟುಹೋದ ಊರೊಟ್ಟನ್ನು ಮತ್ತೆ ಕೂಡಿಸಲು ನೋಡಿದರು. ಅಷ್ಟರಲ್ಲಿ ಕೊಡಗಿ, ಪಾಲುಗಳ ಲೆಕ್ಕ ಕಳಚಿ ಎರಡು ತಲೆಮಾರು ಕಳೆದಿತ್ತು; ಪಂಚಾಯ್ತಿ ಸೇರಿಸಿ ಹೇಳಲು ಉಳಿದದ್ದು ಮಣ್ಣು ಹೊರುವ ಪಾಳಿ ಮಾತ್ರ.

ಇಷ್ಟು ಹಳೆಯ ಷರತ್ತನ್ನು ಈಗ ಎತ್ತಿ ಹೇಳಲು ಕಾರಣವಿದೆ. ಇಂದಿಗೂ ಕೆರೆ ಯಾವ ಕಚೇರಿಗೆ ಸೇರಿದ್ದೆಂಬುದನ್ನು ಅಚ್ಚುಕಟ್ಟಿನ ವಿಸ್ತೀರ್ಣವೇ ಹೇಳುತ್ತದೆ: 40 ಹೆಕ್ಟೇರಿನವರೆಗಿನದು ಪಂಚಾಯತ್ ಸಂಸ್ಥೆಗಳಿಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ. ಒಂದೇ ಹಳ್ಳದ ಮೇಲಿನ ಕೆರೆ ಒಬ್ಬರದು, ಕೆಳಗಿನದು ಇನ್ನೊಬ್ಬರದು. ಅದು ಒತ್ತಟ್ಟಿಗಿರಲಿ. 'ಕೆರೆಯು ತನ್ನ ಸ್ವರೂಪ ಕಳೆದುಕೊಂಡಿರುತ್ತದೆ' ಎಂಬ ಒಂದು ಸಾಲು ನಮ್ಮ ಕಚೇರಿಗಳಲ್ಲಿ ಬಹಳ ಚಲಾವಣೆಯಲ್ಲಿದೆ. ಬತ್ತಿದ ಕೆರೆಗಳನ್ನು ದಾಖಲೆಯಿಂದಲೇ ಕೈಬಿಟ್ಟು ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಬೇಕೆನ್ನುವವರು ಮೊದಲು ಹಿಡಿಯುವುದು ಈ ಸಾಲನ್ನೇ. ಇಷ್ಟು ವರ್ಷ ನೀರು ನಿಂತಿಲ್ಲ, ಆದ್ದರಿಂದ ಇದು ಕೆರೆಯಲ್ಲ. 1892ರ ಕಾಗದದಲ್ಲಿ ಬಳಕೆ ತಪ್ಪಿದ ಕೆರೆ ಹೊಸ ಕೆರೆಯಾಯಿತು. ನಮ್ಮ ಕಾಗದದಲ್ಲಿ ಕೆರೆಯೇ ಅಲ್ಲವಾಗುತ್ತದೆ. ನೀರು ಏಕೆ ನಿಲ್ಲಲಿಲ್ಲ, ರಾಜಕಾಲುವೆಯನ್ನು ಮುಚ್ಚಿದವರಾರು ಎಂಬ ಕಲಮು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಇದನ್ನು ದೂರಾಗಿ ಮಾತ್ರ ಬರೆಯುತ್ತಿಲ್ಲ. ನೌಕರಿಯ ಆರಂಭದ ವರ್ಷಗಳಲ್ಲಿ ಮೇಲಧಿಕಾರಿಗಳ ಸೂಚನೆಯ ಮೇರೆಗೆ, ಒಂದು ಹೋಬಳಿಯ ಕೆರೆಯೊಂದರ ಸ್ಥಳ ತನಿಖೆ ಮಾಡಿ, ಆ ಸಾಲನ್ನು ನಾನೇ ಬರೆದು ರುಜು ಹಾಕಿದ್ದೇನೆ. ಅಂಗಳದ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು, ಏರಿಯ ಅರ್ಧದಷ್ಟು ಮಣ್ಣನ್ನು ಇಟ್ಟಿಗೆಗೆ ಹೊತ್ತೊಯ್ದಿದ್ದರು, ತೂಬಿನ ಎರಡು ಕಂಬಗಳಲ್ಲಿ ಒಂದು ಮಾತ್ರ ನಿಂತಿತ್ತು. ಕೆರೆಯೆಂದು ಹೇಳಲು ಉಳಿದಿದ್ದದ್ದು ಆ ಕಂಬ ಮತ್ತು ಏರಿಯ ಕೊನೆಯ ಗಂಗಮ್ಮನ ಕಲ್ಲು. ಅಂಗಳದ ಒಂದು ಭಾಗದಲ್ಲಿ ಮುಂದೆ ಸರ್ಕಾರಿ ಕಟ್ಟಡಗಳೆದ್ದವು. 2021ರ ನವೆಂಬರಿನಲ್ಲಿ ಜಿಲ್ಲೆಯ ಕೆರೆಗಳು ವರ್ಷಗಳ ನಂತರ ಕೋಡಿ ಹರಿದಾಗ ಅಲ್ಲಿಗೆ ಹೋಗಿದ್ದೆ. ಮೇಲಿನ ಕೆರೆಯ ಕೋಡಿಯ ನೀರು ತನ್ನ ಹಳೆಯ ದಾರಿ ಹಿಡಿದು ಬಂದು, ಕಾಂಪೌಂಡಿನೊಳಗೆ ಮೊಣಕಾಲುಮಟ್ಟ ನಿಂತಿತ್ತು. ಅದನ್ನು ಹೊರಹಾಕಲು ಮೋಟರು ತರಿಸಿದ್ದರು.

ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಸರ್ಕಾರದ ಗಮನಕ್ಕೆ ಎರಡು ಬೇಡಿಕೆಗಳು. 1892ರ ಒಪ್ಪಂದದ ಪಟ್ಟಿಗಳನ್ನೂ, ಮೂಲ ಸರ್ವೆಯ ಗ್ರಾಮ ನಕಾಶೆಗಳಲ್ಲಿ ಗುರುತಾದ ಕೆರೆ, ಕಾಲುವೆಗಳ ವಿವರವನ್ನೂ ಕನ್ನಡದಲ್ಲಿ, ಗ್ರಾಮವಾರು ಪ್ರಕಟಿಸಬೇಕು. ಹಳೆಯ ಕೆರೆ ವಹಿಗಳು ಹಲವು ಕಡೆ ಗೆದ್ದಲು ತಿಂದು ಪುಡಿಯಾಗುತ್ತಿವೆ, ಉಳಿದವನ್ನಾದರೂ ಸ್ಕ್ಯಾನ್ ಮಾಡಿಸಲಿ. ಸ್ವರೂಪ ಕಳೆದುಕೊಂಡಿದೆ ಎಂದು ಯಾವುದೇ ಕೆರೆಯ ಬಗ್ಗೆ ವರದಿ ಹೋಗುವ ಮುನ್ನ, ಅದೇ ಹಳ್ಳದ ಮೇಲಿನ ಮತ್ತು ಕೆಳಗಿನ ಕೆರೆಗಳ ಸ್ಥಿತಿಯನ್ನೂ ನಡುವಿನ ಕಾಲುವೆಯ ಒತ್ತುವರಿಯನ್ನೂ ಆ ವರದಿಯಲ್ಲೇ ದಾಖಲಿಸುವುದನ್ನು ಕಡ್ಡಾಯ ಮಾಡಬೇಕು. ನಾನು ಬರೆದ ವರದಿಯ ಕಡತ ಈಗಲೂ ದಾಖಲೆ ಕೊಠಡಿಯಲ್ಲಿದ್ದರೆ, ಮೊದಲು ಅದನ್ನೇ ತೆಗೆದು ನೋಡಬಹುದು.

ಇಂತಿ ತಮ್ಮ ವಿಶ್ವಾಸಿ,

ನಿವೃತ್ತ ಕಂದಾಯ ನೌಕರ,
ಕೋಲಾರ ಜಿಲ್ಲೆ